ಫಾಸ್ಟ್ ಆದ್ರೆ ಸಾಲದು, ಹೊತ್ತಿಗೆ ಸರಿಯಾಗಿ ಬರಬೇಕು: ರಿಯಲ್-ಟೈಮ್ ಕೆಲಸಕ್ಕೆ ಪ್ರೊಸೆಸರ್ ಆರಿಸೋದು ಹೇಗೆ?

ಸಂಘದ ಪತ್ರಿಕೆಗೆ ಇದು ನನ್ನ ಮೊದಲನೇ ಲೇಖನ. ಎಲ್‌ಕೆಜಿಯಿಂದ ಇವತ್ತಿನವರೆಗೆ ಓದಿದ್ದೆಲ್ಲ ಇಂಗ್ಲಿಷ್ ಮೀಡಿಯಂನಲ್ಲಿ. ಮನೆಯಲ್ಲಿ ಮಾತಾಡೋ ಕನ್ನಡದಲ್ಲಿ ಟೆಕ್ನಿಕಲ್ ವಿಷಯ ಬರೆಯೋಕೆ ಕೂತಾಗ ಅರ್ಧ ಪದಗಳು ಸಿಗಲೇ ಇಲ್ಲ. ಎಲ್ಲಿ ಕನ್ನಡ ಪದ ಸಹಜವಾಗಿ ಬಂತೋ ಅಲ್ಲಿ ಅದನ್ನು ಹಾಕಿದ್ದೀನಿ, ಬಾರದ ಕಡೆ ಲ್ಯಾಬ್‌ನಲ್ಲಿ ನಾವೆಲ್ಲ ಆಡೋ ಪದಾನೇ ಇಟ್ಟಿದ್ದೀನಿ. ತಪ್ಪಿದ್ದರೆ ದಯವಿಟ್ಟು ತಿದ್ದಿ.

ಈ ಲೇಖನ ಬರೆಯೋಕೆ ಕಾರಣ ಒಂದು ಬಿದ್ದ ರೋಬೋ. ಕಳೆದ ಸೆಮಿಸ್ಟರ್‌ನಲ್ಲಿ ನಾವು ನಾಲ್ಕು ಜನ ಸೇರಿ, ಎರಡು ಚಕ್ರದ ಮೇಲೆ ತಾನೇ ಬ್ಯಾಲೆನ್ಸ್ ಮಾಡಿಕೊಂಡು ನಿಲ್ಲೋ ರೋಬೋ ಮಾಡ್ತಿದ್ವಿ. ಪ್ರೊಸೆಸರ್ ಯಾವುದು ಅಂತ ಚರ್ಚೆ ಬಂದಾಗ ಎರಡೇ ನಿಮಿಷದಲ್ಲಿ ತೀರ್ಮಾನ ಆಯ್ತು. "ಫಾಸ್ಟ್ ಇರೋದು ತಗೊಳ್ಳೋಣ, ಆಮೇಲೆ ತಲೆನೋವಿರಲ್ಲ." ಪಾಕೆಟ್ ಮನಿ ಒಟ್ಟು ಮಾಡಿ, 1.5 ಗಿಗಾಹರ್ಟ್ಸ್‌ನ ನಾಲ್ಕು ಕೋರ್ ಇರೋ ಒಂದು ಲಿನಕ್ಸ್ ಬೋರ್ಡ್ ಕೊಂಡ್ವಿ. ಹಾಸ್ಟೆಲ್ ರೂಮಿನಲ್ಲಿ ರೋಬೋ ಚೆನ್ನಾಗೇ ನಿಂತಿತು. ಆದರೆ ಅದರ ಮೇಲಿನ ಕ್ಯಾಮೆರಾ ಆನ್ ಮಾಡಿ ವೈ-ಫೈ ಮೇಲೆ ವಿಡಿಯೋ ಕಳಿಸೋಕೆ ಶುರು ಮಾಡಿದ ಕೂಡಲೇ ಜ್ವರ ಬಂದವರ ಹಾಗೆ ನಡುಗೋದು, ಒಂದು ನಿಮಿಷದೊಳಗೆ ದೊಪ್ಪಂತ ಬೀಳೋದು. ಪ್ರದರ್ಶನಕ್ಕೆ ಹನ್ನೊಂದು ದಿನ ಉಳಿದಿತ್ತು. ಮೂರು ರಾತ್ರಿ ನಿದ್ದೆಗೆಟ್ಟು ಪಿಐಡಿ ಗೇನ್‌ಗಳನ್ನು ಬದಲಾಯಿಸಿದ್ವಿ. ಏನೂ ಪ್ರಯೋಜನ ಆಗಲಿಲ್ಲ.

ನಾಲ್ಕನೇ ದಿನ ಲ್ಯಾಬ್‌ನಲ್ಲಿ ಒಬ್ಬರು ಅಸಿಸ್ಟೆಂಟ್ ನೋಡಿ ಒಂದೇ ಪ್ರಶ್ನೆ ಕೇಳಿದರು: "ನಿಮ್ಮ ಲೂಪ್ ಎಷ್ಟು ತಡವಾದ್ರೆ ಇದು ಬೀಳುತ್ತೆ?" ನಮ್ಮ ನಾಲ್ವರಲ್ಲಿ ಯಾರ ಹತ್ತಿರಾನೂ ಉತ್ತರ ಇರಲಿಲ್ಲ. ಆ ಪ್ರಶ್ನೆಯನ್ನು ಬೋರ್ಡ್ ಕೊಳ್ಳೋ ಮುಂಚೆಯೇ ಕೇಳಿಕೊಳ್ಳಬೇಕಿತ್ತು. ನೀವು ಕೇಳಿಕೊಳ್ಳಲಿ ಅಂತ ಇದನ್ನು ಬರೀತಿದ್ದೀನಿ.

1. ವೇಗ ಬೇರೆ, ಗಡುವು ಬೇರೆ

ರಿಯಲ್-ಟೈಮ್ ಅಂದ ತಕ್ಷಣ ತುಂಬಾ ಫಾಸ್ಟ್ ಅಂತ ಅಂದುಕೊಳ್ತೀವಿ. ಅದು ತಪ್ಪು. ಡೆಡ್‌ಲೈನ್‌ಗೆ ಕನ್ನಡದಲ್ಲಿ ಗಡುವು ಅನ್ನೋ ಒಳ್ಳೇ ಪದ ಇದೆ. ಗಡುವಿನೊಳಗೆ ಉತ್ತರ ಬರುತ್ತೆ ಅಂತ ಪ್ರತಿ ಸಲವೂ ಭರವಸೆ ಕೊಡೋ ವ್ಯವಸ್ಥೆಯೇ ರಿಯಲ್-ಟೈಮ್. ಇಲ್ಲಿ "ಪ್ರತಿ ಸಲವೂ" ಅನ್ನೋದು ಮುಖ್ಯ.

ಒಂದು ಉದಾಹರಣೆ. ಮನೆಯಿಂದ ಕಾಲೇಜಿಗೆ ಬೈಕ್‌ನಲ್ಲಿ ಸರಾಸರಿ 25 ನಿಮಿಷ, ಆದರೆ ಟ್ರಾಫಿಕ್ ಸಿಕ್ಕಿದ ದಿನ ಒಂದೂಕಾಲು ಗಂಟೆ. ಮೆಟ್ರೋದಲ್ಲಿ ದಿನಾ 40 ನಿಮಿಷ, ಹೆಚ್ಚೆಂದರೆ 45. ದಿನನಿತ್ಯ ಬೈಕೇ ಫಾಸ್ಟ್. ಆದರೆ ಪರೀಕ್ಷೆ ದಿನ ಯಾವುದರಲ್ಲಿ ಹೋಗ್ತೀರಿ? ಪರೀಕ್ಷೆ ದಿನ ಸರಾಸರಿ ಲೆಕ್ಕಕ್ಕೆ ಬರಲ್ಲ, ಅತಿ ಕೆಟ್ಟ ದಿನ ಎಷ್ಟಾಗುತ್ತೆ ಅನ್ನೋದೊಂದೇ ಲೆಕ್ಕ. ಪ್ರೊಸೆಸರ್ ವಿಷಯದಲ್ಲಿ ಇದನ್ನು ವರ್ಸ್ಟ್ ಕೇಸ್ ಅಂತಾರೆ. ಆಗ 25, ಈಗ 75 ಅಂತ ಸಮಯದಲ್ಲಿ ಆಗೋ ಏರುಪೇರಿಗೆ ಜಿಟರ್ ಅಂತ ಹೆಸರು.

ಗಡುವು ತಪ್ಪಿದರೆ ಏನಾಗುತ್ತೆ ಅನ್ನೋದರ ಮೇಲೆ ಎರಡು ಮುಖ್ಯ ವಿಧ ಇವೆ. ವಿಡಿಯೋ ಕಾಲ್‌ನಲ್ಲಿ ಒಂದು ಫ್ರೇಮ್ ತಡವಾದರೆ ಚಿತ್ರ ಸ್ವಲ್ಪ ಜರ್ಕ್ ಆಗುತ್ತೆ ಅಷ್ಟೇ. ಇದು ಸಾಫ್ಟ್ ರಿಯಲ್-ಟೈಮ್. ಏರ್‌ಬ್ಯಾಗ್ ತಡವಾಗಿ ಬಿಚ್ಚಿಕೊಂಡರೆ ಅದು ಬಿಚ್ಚಿಕೊಂಡೂ ಉಪಯೋಗ ಇಲ್ಲ; ಇದು ಹಾರ್ಡ್ ರಿಯಲ್-ಟೈಮ್. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ ಅಂತಾರಲ್ಲ, ಅದೇ. ಉತ್ತರ ಸರಿಯಾಗಿದ್ದರೂ ಹೊತ್ತು ಮೀರಿದ್ದರೆ ಅದು ತಪ್ಪು ಉತ್ತರ.

ನಿಧಾನದ ಕಂಪ್ಯೂಟರ್ ಕೂಡ ಒಳ್ಳೇ ರಿಯಲ್-ಟೈಮ್ ಕಂಪ್ಯೂಟರ್ ಆಗಿರಬಹುದು. 1969ರ ಜುಲೈ 20ರಂದು ಅಪೊಲೊ 11 ಚಂದ್ರನ ಮೇಲೆ ಇಳಿಯೋವಾಗ ಅದರ ಕಂಪ್ಯೂಟರ್ 1202 ಅನ್ನೋ ಅಲಾರಂ ಕೊಟ್ಟಿತು. ಅದರ ಮೆಮೊರಿ ಸೈಕಲ್ 11.7 ಮೈಕ್ರೋಸೆಕೆಂಡ್, ಬರೆಯಬಹುದಾದ ಮೆಮೊರಿ 2048 ಪದಗಳು. ರೇಡಾರ್‌ನಿಂದ ಬಂದ ಬೇಡದ ಹೊರೆಯಿಂದ ಅದಕ್ಕೆ ಎಲ್ಲ ಕೆಲಸ ಮುಗಿಸೋಕೆ ಸಮಯ ಸಾಲಲಿಲ್ಲ. ಆಗ ಅದು ಕಡಿಮೆ ಮುಖ್ಯವಾದ ಕೆಲಸಗಳನ್ನು ಕೈಬಿಟ್ಟು, ಇಳಿಸುವ ಕೆಲಸವನ್ನು ಮಾತ್ರ ಹೊತ್ತಿಗೆ ಸರಿಯಾಗಿ ಮಾಡ್ತಾ ಹೋಯ್ತು. ನಮ್ಮ ಬೋರ್ಡ್ ಅದಕ್ಕಿಂತ ಸಾವಿರಾರು ಪಟ್ಟು ವೇಗದ್ದು. ಆದರೆ ಯಾವ ಕೆಲಸ ಮುಖ್ಯ ಅಂತ ನಾವು ಅದಕ್ಕೆ ಹೇಳೇ ಇರಲಿಲ್ಲ.

2. ಎಷ್ಟು ತಡವಾದರೆ ಬೀಳುತ್ತೆ? ಲೆಕ್ಕ ಹಾಕೋಣ

ನಮ್ಮ ಲೂಪ್ 5 ಮಿಲಿಸೆಕೆಂಡಿಗೆ ಒಂದು ಸಲ ಓಡಬೇಕಿತ್ತು. ಅಂದರೆ ಸೆಕೆಂಡಿಗೆ 200 ಸಲ. ಒಂದು ಸುತ್ತಿನ ಸಮಯದಲ್ಲಿ 1.5 ಗಿಗಾಹರ್ಟ್ಸ್‌ನ ಒಂದು ಕೋರ್‌ಗೆ 75 ಲಕ್ಷ ಕ್ಲಾಕ್ ಸೈಕಲ್ ಸಿಗುತ್ತೆ. ಪಿಐಡಿಗೆ ಬೇಕಾಗೋದು ಅದರಲ್ಲಿ ಒಂದು ಚೂರು. ಹಾಗಾಗಿ ವೇಗ ಸಾಲದು ಅನ್ನೋ ಪ್ರಶ್ನೆಯೇ ಇಲ್ಲ.

ಪ್ರತಿ ಸುತ್ತಿನಲ್ಲೂ ಸಮಯ ಬರೆದಿಟ್ಟುಕೊಂಡು ನೋಡಿದ್ವಿ. ಒಂದು ನಿಮಿಷಕ್ಕೆ ಸುಮಾರು 12,000 ಸುತ್ತು. ವಿಡಿಯೋ ಇಲ್ಲದಾಗ ಅತಿ ಕೆಟ್ಟ ಸುತ್ತು 7 ಮಿಲಿಸೆಕೆಂಡ್. ವಿಡಿಯೋ ಇದ್ದಾಗಲೂ ಸರಾಸರಿ 5.1 ಮಿಲಿಸೆಕೆಂಡ್ ಅಂತ ಚೆನ್ನಾಗೇ ಕಾಣ್ತಿತ್ತು. ಆದರೆ ನಲವತ್ತಕ್ಕೂ ಹೆಚ್ಚು ಸುತ್ತುಗಳು 10 ಮಿಲಿಸೆಕೆಂಡ್ ದಾಟಿದ್ದವು, ಒಂದಂತೂ 31 ಮಿಲಿಸೆಕೆಂಡ್. ಸರಾಸರಿ ನೋಡಿದ್ದರೆ ಇದು ಯಾವತ್ತೂ ಗೊತ್ತಾಗ್ತಿರಲಿಲ್ಲ.

30 ಮಿಲಿಸೆಕೆಂಡ್ ತಡವಾದರೆ ಎರಡು ತೊಂದರೆ ಆಗುತ್ತೆ.

ಮೊದಲನೆಯದು ಭೌತಶಾಸ್ತ್ರ. ರೋಬೋ ಅಂದರೆ ತಲೆಕೆಳಗಾದ ಲೋಲಕ. ನಮ್ಮದರ ಗುರುತ್ವ ಕೇಂದ್ರ ಚಕ್ರದ ಅಚ್ಚಿನಿಂದ ಸುಮಾರು 10 ಸೆಂಟಿಮೀಟರ್ ಮೇಲಿತ್ತು. ಆ ಎತ್ತರ 0.1 ಮೀಟರನ್ನು ಗುರುತ್ವ 9.8ರಿಂದ ಭಾಗಿಸಿ ವರ್ಗಮೂಲ ತೆಗೆದರೆ ಹೆಚ್ಚುಕಡಿಮೆ 0.1 ಸೆಕೆಂಡ್ ಬರುತ್ತೆ. ಇದು ಬೀಳುವಿಕೆಯ ಟೈಮ್ ಕಾನ್‌ಸ್ಟಂಟ್. ಯಾರೂ ತಡೆಯದಿದ್ದರೆ ವಾಲಿಕೆ ಪ್ರತಿ 100 ಮಿಲಿಸೆಕೆಂಡಿಗೆ ಸುಮಾರು 2.7 ಪಟ್ಟು ಬೆಳೆಯುತ್ತೆ. 5 ಮಿಲಿಸೆಕೆಂಡಿನಲ್ಲಿ ಬೆಳೆಯೋದು ಸುಮಾರು 5%. 30 ಮಿಲಿಸೆಕೆಂಡಿನಲ್ಲಿ ಸುಮಾರು 35%. ಇದೊಂದೇ ಆಗಿದ್ದರೆ ರೋಬೋ ಬಹುಶಃ ಸುಧಾರಿಸಿಕೊಳ್ತಿತ್ತು.

ಎರಡನೆಯದು ನಮ್ಮದೇ ಕೋಡ್. ಕೋನವನ್ನು ಸೆನ್ಸರ್ ಚಿಪ್ಪೇ ಲೆಕ್ಕ ಹಾಕಿ ಕೊಡ್ತಿತ್ತು. ಪಿಐಡಿಯ ಡಿ ಭಾಗಕ್ಕೆ ನಾವು ಈಗಿನ ಕೋನದಿಂದ ಹಿಂದಿನ ಕೋನ ಕಳೆದು 5 ಮಿಲಿಸೆಕೆಂಡಿನಿಂದ ಭಾಗಿಸ್ತಿದ್ವಿ. ಲೂಪ್ ಸರಿಯಾಗಿ 5 ಮಿಲಿಸೆಕೆಂಡಿಗೇ ಓಡುತ್ತೆ ಅನ್ನೋ ನಂಬಿಕೆ! ಈಗ ಒಂದು ಸುತ್ತು 30 ಮಿಲಿಸೆಕೆಂಡ್ ಆಯ್ತು, ಅಷ್ಟರಲ್ಲಿ ಕೋನ 0.6 ಡಿಗ್ರಿ ಬದಲಾಯ್ತು ಅಂದುಕೊಳ್ಳಿ. ನಿಜವಾದ ವೇಗ ಸೆಕೆಂಡಿಗೆ 20 ಡಿಗ್ರಿ. ನಮ್ಮ ಕೋಡ್ ಹೇಳೋದು 0.6 ಭಾಗಿಸು 0.005, ಅಂದರೆ 120 ಡಿಗ್ರಿ. ಆರು ಪಟ್ಟು! ಮೋಟರ್‌ಗೆ ಆರು ಪಟ್ಟು ಜೋರಾದ ಒದೆ ಬೀಳುತ್ತೆ, ರೋಬೋ ಇನ್ನೊಂದು ಕಡೆ ಹಾರುತ್ತೆ. ಆ ನಡುಕದ ಮೂಲ ಇದೇ. ಗೇನ್ ಎಷ್ಟು ಬದಲಾಯಿಸಿದರೂ ಇದು ಸರಿ ಹೋಗಲ್ಲ. ಕಳೆದ ಸಮಯವನ್ನು ಅಳೆದು ಅದರಿಂದ ಭಾಗಿಸಿದಾಗ ನಡುಕ ಬಹಳ ಕಡಿಮೆ ಆಯ್ತು. ಆದರೂ ತಡ ತಡವೇ. ವಿಡಿಯೋ ಜೊತೆ ಐದು ನಿಮಿಷಕ್ಕೊಮ್ಮೆಯಾದರೂ ಬೀಳ್ತಿತ್ತು.

3. ಅಷ್ಟು ಫಾಸ್ಟ್ ಬೋರ್ಡ್ ಯಾಕೆ ತಡ ಮಾಡುತ್ತೆ?

ಲಿನಕ್ಸ್, ವಿಂಡೋಸ್‌ನಂಥ ಆಪರೇಟಿಂಗ್ ಸಿಸ್ಟಂಗಳ ಗುರಿ ಒಟ್ಟು ಕೆಲಸ ಜಾಸ್ತಿ ಆಗಬೇಕು, ಎಲ್ಲ ಪ್ರೋಗ್ರಾಂಗಳಿಗೂ ನ್ಯಾಯ ಸಿಗಬೇಕು ಅನ್ನೋದು. ನಿಮ್ಮ ಲೂಪ್ ಅದಕ್ಕೆ ನೂರರಲ್ಲಿ ಒಂದು ಕೆಲಸ ಅಷ್ಟೇ. ವೈ-ಫೈ, ಯುಎಸ್‌ಬಿ ಇಂಟರಪ್ಟ್ ಬಂದರೆ ಕಾಯಬೇಕು. ಬೇಕಾದ ಮೆಮೊರಿ ಪುಟ ಇನ್ನೂ ಲೋಡ್ ಆಗಿಲ್ಲದಿದ್ದರೆ ಕಾಯಬೇಕು. ವಿದ್ಯುತ್ ಉಳಿಸೋಕೆ ಕ್ಲಾಕ್ ಇಳಿಸಿದ್ದರೆ ಅದು ಏರೋವರೆಗೆ ಕಾಯಬೇಕು. ಹಾರ್ಡ್‌ವೇರ್‌ನಲ್ಲೂ ಅದೇ ಕಥೆ. ಕ್ಯಾಶ್ ಮತ್ತು ಬ್ರಾಂಚ್ ಪ್ರಿಡಿಕ್ಷನ್ ಸರಾಸರಿಯನ್ನು ಚೆನ್ನಾಗಿ ಮಾಡುತ್ತವೆ. ಆದರೆ ಡೇಟಾ ಕ್ಯಾಶ್‌ನಲ್ಲಿ ಸಿಕ್ಕಿದರೆ ಒಂದು ಸಮಯ, ಸಿಗದಿದ್ದರೆ ಹತ್ತಾರು ಪಟ್ಟು ಬೇರೆ ಸಮಯ. ಅಂದರೆ ಪ್ರೊಸೆಸರನ್ನು ಫಾಸ್ಟ್ ಮಾಡೋ ಅದೇ ಉಪಾಯಗಳು ಜಿಟರ್ ತರ್ತವೆ. ನನಗೆ ಇದೇ ಅತಿ ಆಶ್ಚರ್ಯ ಅನ್ನಿಸಿದ ವಿಷಯ.

4. ಅಂಗಡಿಯಲ್ಲಿ ಏನೇನಿದೆ?

ಪ್ರೀಎಂಪ್ಟ್-ಆರ್‌ಟಿ ಲಿನಕ್ಸ್: ಲಿನಕ್ಸ್ ಕರ್ನಲ್ ಒಳಗೆ ಬಹುತೇಕ ಎಲ್ಲ ಕೆಲಸವನ್ನೂ ಮಧ್ಯದಲ್ಲಿ ನಿಲ್ಲಿಸಿ ಮುಖ್ಯ ಕೆಲಸಕ್ಕೆ ದಾರಿ ಕೊಡೋ ಹಾಗೆ ಮಾಡೋ ಬದಲಾವಣೆ ಇದು. ಸುಮಾರು 20 ವರ್ಷ ಬೇರೆ ಪ್ಯಾಚ್ ಆಗಿದ್ದು, 2024ರಲ್ಲಿ 6.12 ಆವೃತ್ತಿಯೊಂದಿಗೆ ಮುಖ್ಯ ಲಿನಕ್ಸ್‌ಗೆ ಪೂರ್ತಿ ಸೇರಿತು. ಚೆನ್ನಾಗಿ ಟ್ಯೂನ್ ಮಾಡಿದ ಬೋರ್ಡ್‌ನಲ್ಲಿ ಕೆಟ್ಟ ಸುತ್ತಿನ ತಡ ಹತ್ತಾರು ಮೈಕ್ರೋಸೆಕೆಂಡಿನಿಂದ ನೂರರ ಆಸುಪಾಸಿಗೆ ಇಳಿಯಬಹುದು. ಸೈಕ್ಲಿಕ್‌ಟೆಸ್ಟ್ ಅನ್ನೋ ಟೂಲ್ ಓಡಿಸಿ, ಜೊತೆಗೆ ಬೇಕಂತಲೇ ಭಾರ ಹಾಕಿ, ಗಂಟೆಗಟ್ಟಲೆ ಅಳೆದು ನೋಡಬೇಕು. ಮಿಲಿಸೆಕೆಂಡ್ ಮಟ್ಟದ ಲೂಪ್‌ಗೆ, ಜೊತೆಗೆ ದೊಡ್ಡ ಲೆಕ್ಕಾಚಾರವೂ ಇದ್ದರೆ, ಒಳ್ಳೇ ಆಯ್ಕೆ.

ಮೈಕ್ರೋಕಂಟ್ರೋಲರ್: ಆರ್ಡುಯಿನೋ ಊನೋದಲ್ಲಿರೋ ಎಟಿಮೆಗಾ328ಪಿ 16 ಮೆಗಾಹರ್ಟ್ಸ್‌ನದು. ಒಂದು ಸೈಕಲ್ ಅಂದರೆ 62.5 ನ್ಯಾನೋಸೆಕೆಂಡ್, ಬಹಳಷ್ಟು ಸೂಚನೆಗಳಿಗೆ ಒಂದೋ ಎರಡೋ ಸೈಕಲ್. ಕ್ಯಾಶ್ ಇಲ್ಲ, ಆಪರೇಟಿಂಗ್ ಸಿಸ್ಟಂ ಇಲ್ಲ, ಕೈಬೆರಳಲ್ಲಿ ಎಣಿಸಿ ಸಮಯ ಹೇಳಬಹುದು. ಆರ್ಮ್ ಕಾರ್ಟೆಕ್ಸ್-ಎಂ3, ಎಂ4ಗಳಲ್ಲಿ ಮೆಮೊರಿ ಕಾಯಿಸದಿದ್ದರೆ ಇಂಟರಪ್ಟ್ ಬಂದ 12 ಸೈಕಲ್‌ಗೆ ನಿಮ್ಮ ಕೋಡ್ ಶುರುವಾಗುತ್ತೆ. 72 ಮೆಗಾಹರ್ಟ್ಸ್‌ನಲ್ಲಿ ಅದು ಸುಮಾರು 167 ನ್ಯಾನೋಸೆಕೆಂಡ್. ಇದಕ್ಕಿಂತ ದೊಡ್ಡ ಲಾಭ ಅಂದರೆ ಒಳಗಿರೋ ಟೈಮರ್‌ಗಳು. ಪಿಡಬ್ಲ್ಯೂಎಂ, ಇನ್‌ಪುಟ್ ಕ್ಯಾಪ್ಚರ್, ಎನ್‌ಕೋಡರ್ ಎಣಿಕೆ ಇವನ್ನೆಲ್ಲ ಟೈಮರ್ ತಾನೇ ಮಾಡುತ್ತೆ, ಕೋಡ್ ತಡವಾದರೂ ಅಳತೆ ತಪ್ಪಲ್ಲ.

ಆರ್‌ಟಿಓಎಸ್: ಕೆಲಸಗಳು ಹೆಚ್ಚಾದಾಗ ಮೈಕ್ರೋಕಂಟ್ರೋಲರ್ ಮೇಲೆ ಫ್ರೀಆರ್‌ಟಿಓಎಸ್, ಝೆಫಿರ್‌ನಂಥವನ್ನು ಹಾಕಬಹುದು. ಇದು ಚಿಪ್ಪನ್ನು ಫಾಸ್ಟ್ ಮಾಡಲ್ಲ, ಯಾವ ಕೆಲಸ ಮೊದಲು ಅಂತ ಕಟ್ಟುನಿಟ್ಟಾಗಿ ಪಾಲಿಸುತ್ತೆ. ಆದರೆ ಹುಷಾರು. 1997ರ ಜುಲೈ 4ರಂದು ಮಂಗಳ ಗ್ರಹದಲ್ಲಿ ಇಳಿದ ಪಾತ್‌ಫೈಂಡರ್ ನೌಕೆಯ ಕಂಪ್ಯೂಟರ್ ಕೆಲವೇ ದಿನಗಳಲ್ಲಿ ಮತ್ತೆ ಮತ್ತೆ ರೀಸೆಟ್ ಆಗೋಕೆ ಶುರುವಾಯ್ತು. ಅದರಲ್ಲಿದ್ದದ್ದು ವಿಎಕ್ಸ್‌ವರ್ಕ್ಸ್ ಅನ್ನೋ ಪಕ್ಕಾ ರಿಯಲ್-ಟೈಮ್ ಸಿಸ್ಟಂ. ಹವಾಮಾನದ ಡೇಟಾ ಸೇರಿಸೋ ಕಡಿಮೆ ಪ್ರಾಮುಖ್ಯದ ಕೆಲಸ ಒಂದು ಬೀಗ ಹಿಡಿದುಕೊಂಡಿರ್ತಿತ್ತು. ಅದೇ ಬೀಗಕ್ಕೆ ಅತಿ ಮುಖ್ಯ ಕೆಲಸ ಕಾಯ್ತಿತ್ತು. ನಡುವೆ ಮಧ್ಯಮ ದರ್ಜೆಯ ಕೆಲಸ ಬಂದು, ಬೀಗ ಹಿಡಿದವನನ್ನು ಓಡೋಕೇ ಬಿಡ್ತಿರಲಿಲ್ಲ. ಮುಖ್ಯ ಕೆಲಸ ಗಡುವು ತಪ್ಪಿದ್ದು ಕಂಡು ಸಿಸ್ಟಂ ತನ್ನನ್ನೇ ರೀಸೆಟ್ ಮಾಡಿಕೊಳ್ತಿತ್ತು. ಇದಕ್ಕೆ ಪ್ರಯಾರಿಟಿ ಇನ್ವರ್ಶನ್ ಅಂತಾರೆ. ಬೀಗ ಹಿಡಿದವನಿಗೆ ತಾತ್ಕಾಲಿಕವಾಗಿ ಮೇಲಿನ ದರ್ಜೆ ಕೊಡೋ ಆಯ್ಕೆಯನ್ನು ಭೂಮಿಯಿಂದಲೇ ಆನ್ ಮಾಡಿ ಸರಿಪಡಿಸಿದರು. ನೀವು ಫ್ರೀಆರ್‌ಟಿಓಎಸ್ ಬಳಸಿದರೆ ಹಂಚಿಕೊಳ್ಳೋ ಡೇಟಾಗೆ ಬೈನರಿ ಸೆಮಫೋರ್ ಬದಲು ಮ್ಯೂಟೆಕ್ಸ್ ಬಳಸಿ. ಅದರಲ್ಲಿ ಈ ವ್ಯವಸ್ಥೆ ಇದೆ.

ಸಹಾಯಕ ಕೋರ್‌ಗಳು: ರಾಸ್ಪ್‌ಬೆರಿ ಪೈ ಪಿಕೋದಲ್ಲಿರೋ, 2021ರಲ್ಲಿ ಬಂದ ಆರ್‌ಪಿ2040 ಚಿಪ್‌ನಲ್ಲಿ ಪಿಐಓ ಅನ್ನೋ 8 ಪುಟ್ಟ ಸ್ಟೇಟ್ ಮೆಷಿನ್‌ಗಳಿವೆ. ಬೀಗಲ್‌ಬೋನ್ ಬ್ಲ್ಯಾಕ್‌ನಲ್ಲಿ ಲಿನಕ್ಸ್ ಓಡೋ ಮುಖ್ಯ ಕೋರ್ ಪಕ್ಕದಲ್ಲೇ 200 ಮೆಗಾಹರ್ಟ್ಸ್‌ನ ಎರಡು ಪಿಆರ್‌ಯು ಕೋರ್‌ಗಳಿವೆ, ಒಂದು ಸೈಕಲ್‌ಗೆ 5 ನ್ಯಾನೋಸೆಕೆಂಡ್. ಪಿನ್‌ಗಳನ್ನು ಕರಾರುವಾಕ್ಕಾಗಿ ಆಡಿಸೋದೇ ಇವುಗಳ ಕೆಲಸ.

ಎಫ್‌ಪಿಜಿಎ: ಇಲ್ಲಿ ಪ್ರೋಗ್ರಾಂ ಅಲ್ಲ, ಸರ್ಕ್ಯೂಟನ್ನೇ ಬರೀತೀವಿ. 100 ಮೆಗಾಹರ್ಟ್ಸ್ ಕ್ಲಾಕ್ ಇದ್ದರೆ ಪ್ರತಿ 10 ನ್ಯಾನೋಸೆಕೆಂಡಿಗೆ ಎಲ್ಲ ಭಾಗಗಳೂ ಒಟ್ಟಿಗೆ ಕೆಲಸ ಮಾಡುತ್ತವೆ, ಒಂದು ಇನ್ನೊಂದನ್ನು ಕಾಯಿಸಲ್ಲ. ಸಮಯದ ವಿಷಯದಲ್ಲಿ ಇದನ್ನು ಮೀರಿಸೋದು ಕಷ್ಟ. ಆದರೆ ವೆರಿಲಾಗ್ ಕಲಿತು, ಡೀಬಗ್ ಮಾಡಿ ಮುಗಿಸೋಕೆ ನಿಮ್ಮ ಸೆಮಿಸ್ಟರ್ ಸಾಲುತ್ತಾ ನೋಡಿಕೊಳ್ಳಿ.

5. ಮೂರು ಚಿಕ್ಕ ಲೆಕ್ಕಗಳು

ಅಲ್ಟ್ರಾಸಾನಿಕ್ ದೂರ ಸೆನ್ಸರ್: 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಶಬ್ದ ಸೆಕೆಂಡಿಗೆ ಸುಮಾರು 343 ಮೀಟರ್ ಹೋಗುತ್ತೆ. ಹೋಗಿ ಬರೋ ಸಮಯ ಲೆಕ್ಕ ಹಾಕಿದರೆ 1 ಸೆಂಟಿಮೀಟರ್‌ಗೆ 58 ಮೈಕ್ರೋಸೆಕೆಂಡ್. ನಿಮ್ಮ ಅಳತೆಯಲ್ಲಿ 100 ಮೈಕ್ರೋಸೆಕೆಂಡ್ ಜಿಟರ್ ಇದ್ದರೆ ದೂರ 1.7 ಸೆಂಟಿಮೀಟರ್ ತಪ್ಪುತ್ತೆ. ಗೋಡೆ ತಪ್ಪಿಸೋಕೆ ಪರವಾಗಿಲ್ಲ, ನೀರಿನ ಮಟ್ಟ ಅಳೆಯೋಕೆ ಆಗಲ್ಲ.

ಮೋಟರ್ ಎನ್‌ಕೋಡರ್: 3000 ಆರ್‌ಪಿಎಂ ಅಂದರೆ ಸೆಕೆಂಡಿಗೆ 50 ಸುತ್ತು. 500 ಗೆರೆಯ ಎನ್‌ಕೋಡರ್‌ನಲ್ಲಿ ಸುತ್ತಿಗೆ 2000 ಎಣಿಕೆ. ಒಟ್ಟು ಸೆಕೆಂಡಿಗೆ 1 ಲಕ್ಷ, ಅಂದರೆ 10 ಮೈಕ್ರೋಸೆಕೆಂಡಿಗೆ ಒಂದು. 16 ಮೆಗಾಹರ್ಟ್ಸ್ ಚಿಪ್‌ಗೆ ಅಷ್ಟರಲ್ಲಿ ಸಿಗೋದು 160 ಸೈಕಲ್ ಮಾತ್ರ. ಇಂಟರಪ್ಟ್‌ನಲ್ಲೇ ಎಣಿಸಿದರೆ ಬೇರೆ ಕೆಲಸಕ್ಕೆ ಉಸಿರಾಡೋಕೂ ಜಾಗ ಇರಲ್ಲ. ಎನ್‌ಕೋಡರ್ ಎಣಿಸೋ ಟೈಮರ್ ಇರೋ ಚಿಪ್ ತಗೊಳ್ಳಿ.

ಡಬ್ಲ್ಯೂಎಸ್2812 ಎಲ್‌ಇಡಿ ಪಟ್ಟಿ: ಗಣೇಶನ ಹಬ್ಬಕ್ಕೆ ಮಂಟಪಕ್ಕೆ ಸುತ್ತುತ್ತೀವಲ್ಲ, ಅದೇ. ಇದರ ಒಂದು ಬಿಟ್ 1.25 ಮೈಕ್ರೋಸೆಕೆಂಡ್. ಪಲ್ಸ್ ಎಷ್ಟು ಹೊತ್ತು ಮೇಲಿರುತ್ತೆ ಅನ್ನೋದರ ಮೇಲೆ ಅದು ಸೊನ್ನೆಯೋ ಒಂದೋ ಗೊತ್ತಾಗುತ್ತೆ. 16 ಮೆಗಾಹರ್ಟ್ಸ್‌ನಲ್ಲಿ ಒಂದು ಬಿಟ್‌ಗೆ 20 ಸೈಕಲ್. ಅದಕ್ಕೇ ಊನೋದಲ್ಲಿ ಲೈಬ್ರರಿಗಳು ಕಳಿಸೋ ಹೊತ್ತಿನಲ್ಲಿ ಇಂಟರಪ್ಟ್‌ಗಳನ್ನು ಆಫ್ ಮಾಡ್ತವೆ. ಪಿಐಓ ಇದ್ದರೆ ಆ ತಾಪತ್ರಯ ಇಲ್ಲ.

ಒಂದು ವಿಷಯ ಮರೀಬೇಡಿ. ಪ್ರೊಸೆಸರ್ ಯಾವುದೇ ಇರಲಿ, ಅದರ ಗಡಿಯಾರ ಸರಿ ಇರಬೇಕು. 20 ಪಿಪಿಎಂ ಕ್ರಿಸ್ಟಲ್ ದಿನಕ್ಕೆ ಸುಮಾರು 1.7 ಸೆಕೆಂಡ್ ತಪ್ಪಬಹುದು. ಚಿಪ್ ಒಳಗಿನ ಆರ್‌ಸಿ ಆಸಿಲೇಟರ್ 1% ತಪ್ಪಿದರೆ ದಿನಕ್ಕೆ 14 ನಿಮಿಷಕ್ಕೂ ಹೆಚ್ಚು. ಇದು ಜಿಟರ್ ಅಲ್ಲ, ಡ್ರಿಫ್ಟ್. ನಮ್ಮ ರೋಬೋಗೆ ಇದು ಲೆಕ್ಕಕ್ಕಿಲ್ಲ, ಆದರೆ ಡೇಟಾ ಲಾಗರ್ ಮಾಡೋರಿಗೆ ಇದೇ ಮುಖ್ಯ.

6. ಕೊನೆಗೆ ನಾವೇನು ಮಾಡಿದ್ವಿ

ಲಿನಕ್ಸ್ ಬೋರ್ಡನ್ನು ಎಸೀಲಿಲ್ಲ. ಕ್ಯಾಮೆರಾ ಕೆಲಸಕ್ಕೆ ಅದೇ ಸರಿ. ಬ್ಯಾಲೆನ್ಸ್ ಕೆಲಸವನ್ನು ಮಾತ್ರ ಕಿತ್ತು, ಲ್ಯಾಬ್‌ನ ಡ್ರಾಯರ್‌ನಲ್ಲಿ ಬಿದ್ದಿದ್ದ 72 ಮೆಗಾಹರ್ಟ್ಸ್‌ನ ಒಂದು ಕಾರ್ಟೆಕ್ಸ್-ಎಂ3 ಬೋರ್ಡ್‌ಗೆ ಕೊಟ್ವಿ. ಟೈಮರ್ ಇಂಟರಪ್ಟ್‌ನಲ್ಲಿ 5 ಮಿಲಿಸೆಕೆಂಡ್ ಲೂಪ್, ಚಕ್ರದ ಎಣಿಕೆ ಟೈಮರ್‌ನಲ್ಲಿ. ದೊಡ್ಡ ಬೋರ್ಡ್ ಸೀರಿಯಲ್ ಮೇಲೆ "ಮುಂದೆ ಹೋಗು, ತಿರುಗು" ಅಂತ ಮಾತ್ರ ಹೇಳುತ್ತೆ. 200 ಮಿಲಿಸೆಕೆಂಡ್ ಅದರಿಂದ ಮಾತೇ ಬರದಿದ್ದರೆ ಚಿಕ್ಕ ಬೋರ್ಡ್ ರೋಬೋವನ್ನು ಇದ್ದಲ್ಲೇ ನಿಲ್ಲಿಸುತ್ತೆ. ಲೂಪ್ ಶುರುವಾದಾಗ ಒಂದು ಪಿನ್ ಮೇಲೆ, ಮುಗಿದಾಗ ಕೆಳಗೆ ಮಾಡಿ ಲಾಜಿಕ್ ಅನಲೈಜರ್‌ನಲ್ಲಿ ನೋಡಿದ್ವಿ. ಏರುಪೇರು ಬರೀ ಕೆಲವು ಮೈಕ್ರೋಸೆಕೆಂಡ್. ವಿಡಿಯೋ ಓಡ್ತಿರಲಿ, ಬಿಡಲಿ, ಅಷ್ಟೇ.

ಪ್ರದರ್ಶನದ ದಿನ ರೋಬೋ ಮೂರು ಗಂಟೆ ನಿಂತಿತ್ತು. ಒಂದು ಸಲ ಬಿತ್ತು. ಅದೂ ನೋಡೋಕೆ ಬಂದಿದ್ದ ಒಬ್ಬ ಚಿಕ್ಕ ಹುಡುಗ ಜೋರಾಗಿ ತಳ್ಳಿದ್ದಕ್ಕೆ.

ನೀವು ಬೋರ್ಡ್ ಕೊಳ್ಳೋ ಮುಂಚೆ ಒಂದು ಹಾಳೆಯಲ್ಲಿ ಈ ಐದು ಉತ್ತರ ಬರೆದುಕೊಳ್ಳಿ:

ಒಂದು, ಗಡುವು ಎಷ್ಟು? ಮಿಲಿಸೆಕೆಂಡಾ, ಮೈಕ್ರೋಸೆಕೆಂಡಾ, ನ್ಯಾನೋಸೆಕೆಂಡಾ?
ಎರಡು, ಎಷ್ಟು ಜಿಟರ್ ತಡೆದುಕೊಳ್ಳಬಹುದು?
ಮೂರು, ಒಂದು ಸಲ ಗಡುವು ತಪ್ಪಿದರೆ ಏನಾಗುತ್ತೆ? ಜರ್ಕ್ ಆಗುತ್ತಾ, ಬೀಳುತ್ತಾ, ಯಾರಿಗಾದರೂ ಪೆಟ್ಟಾಗುತ್ತಾ?
ನಾಲ್ಕು, ನಿಖರ ಸಮಯ ಬೇಕಿರೋದು ಇಡೀ ಲೆಕ್ಕಕ್ಕಾ, ಇಲ್ಲ ಒಂದೆರಡು ಪಿನ್‌ಗೆ ಮಾತ್ರವಾ? ಪಿನ್‌ಗೆ ಮಾತ್ರ ಆದರೆ ಟೈಮರ್ ಅಥವಾ ಪಿಐಓಗೆ ಬಿಡಿ.
ಐದು, ಇದನ್ನೆಲ್ಲ ಹೇಗೆ ಅಳೀತೀರಿ? ಅಳೆಯೋವಾಗ ಎಲ್ಲ ಭಾರವೂ ಆನ್ ಇರಲಿ, ಸರಾಸರಿ ಬಿಟ್ಟು ಅತಿ ಕೆಟ್ಟ ಸುತ್ತನ್ನು ನೋಡಿ.

ಉತ್ತರ ಮಿಲಿಸೆಕೆಂಡುಗಳಲ್ಲಿದ್ದು ಲೆಕ್ಕಾಚಾರ ದೊಡ್ಡದಿದ್ದರೆ ರಿಯಲ್-ಟೈಮ್ ಲಿನಕ್ಸ್. ಮೈಕ್ರೋಸೆಕೆಂಡುಗಳಲ್ಲಿದ್ದರೆ ಮೈಕ್ರೋಕಂಟ್ರೋಲರ್ ಮತ್ತು ಅದರ ಟೈಮರ್‌ಗಳು. ಹತ್ತಾರು ನ್ಯಾನೋಸೆಕೆಂಡ್ ಆದರೆ ಪಿಐಓ, ಪಿಆರ್‌ಯು ಅಥವಾ ಎಫ್‌ಪಿಜಿಎ. ಎರಡೂ ಥರದ ಕೆಲಸ ಇದ್ದರೆ ಎರಡು ಬೋರ್ಡ್ ಹಾಕಿ, ನಾಚಿಕೆ ಏನಿಲ್ಲ.

ನಿಮ್ಮ ಪ್ರಾಜೆಕ್ಟ್‌ನ ಲೂಪ್ ಸಮಯವನ್ನು ಈ ವಾರ ಒಂದು ಸಲ ಅಳೆದು ನೋಡಿ. ಗ್ರಾಫ್‌ನಲ್ಲಿ ಒಂಟಿಯಾಗಿ ದೂರ ನಿಂತ ಒಂದು ಚುಕ್ಕಿ ಕಂಡರೆ ಸಂಘದ ಬುಧವಾರದ ಮೀಟಿಂಗ್‌ಗೆ ತನ್ನಿ, ಕೂತು ನೋಡೋಣ. ಜಿಟರ್‌ಗೆ ಏರುಪೇರಿಗಿಂತ ಒಳ್ಳೇ ಕನ್ನಡ ಪದ ಗೊತ್ತಿದ್ದರೆ ಅದನ್ನೂ ತನ್ನಿ.